ನೀಲಿ ಮೀಟರಿಲ್ಲದ ಮ್ಯಾಕಿಂಟಾಷ್

ಪ್ರಿಯ ಓದುಗ ಮಿತ್ರರೇ,

ಮಂಗಳೂರಿನಿಂದ ನೀವು ಬರೆದ ಪತ್ರ ತಲುಪಿತು. ಅಮೆರಿಕದಲ್ಲಿರುವ ನಿಮ್ಮ ಭಾವ ತಮ್ಮ ಹಳೆಯ ಮ್ಯಾಕಿಂಟಾಷ್ ಎಂಸಿ275 ಆಂಪ್ಲಿಫೈಯರನ್ನು (ಮ್ಯಾಕಿಂಟಾಷ್ ಇಲ್ಲಿ ಕಂಪ್ಯೂಟರಲ್ಲ, ಹಾಡು ಕೇಳುವ ಯಂತ್ರಗಳ ಕಂಪನಿ) ಅಲ್ಲಿನ ಸೆಕೆಂಡ್‌ಹ್ಯಾಂಡ್ ದರಕ್ಕೆ ಕೊಡುತ್ತೇನೆ ಎಂದಿದ್ದಾರೆ. ಗೆಳೆಯರು ಮಾತ್ರ "ಮ್ಯಾಕಿಂಟಾಷ್ ಅಂದ್ರೆ ನೀಲಿ ದೀಪಕ್ಕೆ ದುಡ್ಡು ಸುರಿಯೋದು" ಎನ್ನುತ್ತಾರೆ. ಅದಕ್ಕಿರುವ ಹೆಸರು ನಿಜವೋ ಬರೀ ಪ್ರಚಾರವೋ ಎಂದು ಕೇಳಿದ್ದೀರಿ.

ಗೆಳೆಯರಿಗೆ ಮೊದಲು ಒಂದು ಮಾತು ಹೇಳಿ: ಎಂಸಿ275ಕ್ಕೆ ನೀಲಿ ಮೀಟರೇ ಇಲ್ಲ. ಎಷ್ಟು ವಾಟ್ ಹೋಗುತ್ತಿದೆ ಎಂದು ನೀಲಿ ಬೆಳಕಿನಲ್ಲಿ ಮುಳ್ಳು ಓಲಾಡಿಸಿ ತೋರಿಸುವ ಆ ಮೀಟರುಗಳು ಬಂದದ್ದು 1960ರ ದಶಕದ ಕೊನೆಗೆ. ಎಂಸಿ275 ಬಂದದ್ದು 1961ರಲ್ಲಿ. ಹೊಳೆಯುವ ತಟ್ಟೆ, ಮುಂದೆ ವಾಲ್ವುಗಳು (ಟ್ರಾನ್ಸಿಸ್ಟರಿಗಿಂತ ಮುಂಚಿನ ಕಾಲದ ಗಾಜಿನ ಬುರುಡೆಗಳು), ಹಿಂದೆ ಕಪ್ಪು ಡಬ್ಬಿಗಳಂಥ ಮೂರು ಟ್ರಾನ್ಸ್‌ಫಾರ್ಮರು, ಅಷ್ಟೇ. ತೂಕ ಸುಮಾರು 30 ಕಿಲೋ. ಕಂಪನಿಗೆ ಹೆಸರು ತಂದದ್ದು ಆ ಕಪ್ಪು ಡಬ್ಬಿಗಳೇ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಥ ಹೆಚ್ಚು ಶಕ್ತಿಯ ವಾಲ್ವ್ ಆಂಪ್ಲಿಫೈಯರಿನಲ್ಲಿ ಸಾಮಾನ್ಯವಾಗಿ ಎರಡು ವಾಲ್ವುಗಳು ಸರದಿಯಂತೆ ಅಲೆಯ ಅರ್ಧರ್ಧ ಹೊರುತ್ತವೆ. ಒಂದು ಬಿಟ್ಟು ಇನ್ನೊಂದು ಹಿಡಿಯುವ ಕ್ಷಣದಲ್ಲಿ ಅಲೆಗೆ ಕಚ್ಚು ಬೀಳುತ್ತಿತ್ತು, ಕಿವಿಗೆ ಅದು ಕರಕರ ಎನ್ನುತ್ತಿತ್ತು. ಫ್ರಾಂಕ್ ಮ್ಯಾಕಿಂಟಾಷ್ ಮತ್ತು ಗಾರ್ಡನ್ ಗೌ 1949ರಲ್ಲಿ ಪ್ರಕಟಿಸಿದ ಉಪಾಯವೆಂದರೆ ವಾಲ್ವುಗಳಿಂದ ಸ್ಪೀಕರಿಗೆ ದನಿ ದಾಟಿಸುವ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳನ್ನು ಬೇರೆ ಬೇರೆಯಾಗಿ ಸುತ್ತದೆ, ಜಡೆಯ ಎರಡು ಎಳೆಯಂತೆ ಜೊತೆಜೊತೆಯಾಗಿಯೇ ಸುತ್ತುವುದು. ಕಚ್ಚು ಹೋಯಿತು. 50 ವಾಟ್ ಕೊಟ್ಟೂ ವಿಕೃತಿ, ಅಂದರೆ ಮೂಲ ದನಿ ಕೆಡುವ ಪ್ರಮಾಣ, ಶೇ. 1ರ ಒಳಗೆ ನಿಂತಿತು. ಆ ಕಾಲಕ್ಕೆ ಅದು ದೊಡ್ಡ ಸಾಧನೆ, ನನ್ನ ಮಟ್ಟಿಗೆ ಇಂದಿಗೂ ಸುಂದರವಾದ ಕೆಲಸ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಪ್ರಿಯ. 1962ರಿಂದ ಸುಮಾರು ಮೂರು ದಶಕ ಈ ಕಂಪನಿಯವರು ಅಮೆರಿಕದ ಅಂಗಡಿ ಅಂಗಡಿಗೆ ಹೋಗಿ 'ಕ್ಲಿನಿಕ್' ನಡೆಸುತ್ತಿದ್ದರು. ಯಾವ ಕಂಪನಿಯ ಆಂಪ್ಲಿಫೈಯರ್ ತಂದರೂ ಪುಕ್ಕಟೆಯಾಗಿ ಅಳೆದು, ವಿಕೃತಿಯ ನಕ್ಷೆ ಬರೆದು ಕೈಗೆ ಕೊಡುತ್ತಿದ್ದರು. ನಂಬಿ ಎನ್ನಲಿಲ್ಲ, ಅಳೆದು ತೋರಿಸಿದರು. ಇಂದು ಅದೇ ಹೆಸರನ್ನು ಹಿಡಿದು ಅಭಿಮಾನಿಗಳು 'ಬೆಚ್ಚನೆಯ ದನಿ' ಎಂದು ಆಣೆಯಿಡುವುದು, ವಿರೋಧಿಗಳು ಕೇಳದೆಯೇ 'ಶೋಕಿ' ಎಂದು ತಳ್ಳಿಹಾಕುವುದು, ಎರಡೂ ನನಗೆ ನೋವು ತರುತ್ತವೆ.

ನಾನೂ ಒಮ್ಮೆ ಪರೀಕ್ಷಿಸಿದೆ. ಗೆಳೆಯರ ಎಂಸಿ275 ಮತ್ತು ನಮ್ಮ ಮನೆಯ ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಎರಡನ್ನೂ ಪರದೆಯ ಹಿಂದಿಟ್ಟೆವು. ಮೊದಲ ಸುತ್ತಿನಲ್ಲಿ ನಾಲ್ವರೂ ಒಂದನ್ನೇ ಮೆಚ್ಚಿದೆವು. ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರೆ ಅದರ ದನಿ ತುಸು ಜೋರಿತ್ತು! ಸ್ಪೀಕರ್ ತುದಿಯಲ್ಲಿ ವೋಲ್ಟೇಜ್ ಸಮ ಮಾಡಿ ಮತ್ತೆ ತಂಬೂರಿಯ ರೆಕಾರ್ಡಿಂಗ್ ಹಾಕಿದಾಗ ಯಾವುದು ಯಾವುದೆಂದು ನನಗೆ ಗುರುತಿಸಲಾಗಲಿಲ್ಲ. ಚಿಕ್ಕ ಕೋಣೆಯಲ್ಲಿ ಮಾಮೂಲಿಯಾಗಿ ಕೇಳುವಾಗ ಖರ್ಚಾಗುವುದು ಬಹುಪಾಲು ಒಂದು ವಾಟಿನೊಳಗೇ. ಎಂಸಿ275ರಲ್ಲಿ ಎಡಕ್ಕೂ ಬಲಕ್ಕೂ ಚಾನೆಲ್ಲಿಗೆ 75 ವಾಟ್ ಇದ್ದದ್ದು ಅಲ್ಲಿ ಉಪಯೋಗಕ್ಕೇ ಬರುವುದಿಲ್ಲ.

ಹಾಗಾದರೆ ಕೊಳ್ಳಬೇಕೇ? ದನಿಯೊಂದಕ್ಕೇ ಆದರೆ ಬೇಡ. ಆ ದುಡ್ಡಿನಲ್ಲಿ ಒಳ್ಳೆಯ ಸ್ಪೀಕರ್ ಕೊಳ್ಳಿ, ಬರಿಗೋಡೆಗೆ ದಪ್ಪ ಪರದೆ ಹಾಕಿಸಿ, ವ್ಯತ್ಯಾಸ ಮನೆಮಂದಿಗೆಲ್ಲ ಕೇಳಿಸುತ್ತದೆ. ಆದರೆ ಅರವತ್ತು ವರ್ಷ ಹಿಂದಿನ ಯಂತ್ರವೊಂದನ್ನು ಬಿಚ್ಚಿ, ವಾಲ್ವ್ ಬದಲಿಸಿ, ಮತ್ತೆ ಹಾಡಿಸಿಕೊಂಡು ಬಾಳಿಸಬೇಕೆಂಬ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯ ಸರಕು ಸಿಗುವುದು ಕಷ್ಟ. ಇದರ ನಾಲ್ಕು ಮುಖ್ಯ ವಾಲ್ವುಗಳಾದ ಕೆಟಿ88 ಈಗಲೂ ಹೊಸದಾಗಿ ತಯಾರಾಗುತ್ತಿವೆ. ನಿಮ್ಮೂರಿನ ಉಪ್ಪುಗಾಳಿಗೆ ಆ ಹೊಳೆಯುವ ತಟ್ಟೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕಷ್ಟೆ.

ಒಂದು ಎಚ್ಚರಿಕೆ. ಅಮೆರಿಕದ ಕರೆಂಟು 120 ವೋಲ್ಟ್, 60 ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ). ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಅಡಾಪ್ಟರ್ ಸಿಕ್ಕಿಸಿ ನೇರವಾಗಿ ಸ್ವಿಚ್ ಹಾಕಿದರೆ ಸುಟ್ಟೇಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 750 ವಾಟ್ ತಾಳುವಂಥದ್ದಿದ್ದರೆ ಒಳ್ಳೆಯದು. ಆದರೆ ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. 60ಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ. ದುಡ್ಡು ಕಳಿಸುವ ಮೊದಲು ಯಂತ್ರದ ಮೇಲೆ ವೋಲ್ಟೇಜ್, ಹರ್ಟ್ಸ್ ಬರೆದಿರುವ ಜಾಗದ ಒಂದು ಫೋಟೊ ತೆಗೆದು ಕಳಿಸಲು ಭಾವನವರಿಗೆ ಹೇಳಿ. ನಮಗೂ ಕಳಿಸಿಕೊಡಿ, ನೋಡಿ ತಿಳಿಸುತ್ತೇನೆ.

— ಸಂಪಾದಕ