ಜಂಪ್‌ಸೀಟ್ ಅಂದ್ರೆ ಫ್ರೀ ಸೀಟ್ ಅಲ್ಲ

ಪ್ರಶ್ನೆ: ಅಮೆರಿಕದಲ್ಲಿ ಪೈಲಟ್‌ಗಳ ಮನೆ ಒಂದೂರಲ್ಲಿ, ಡ್ಯೂಟಿ ಇನ್ನೊಂದೂರಲ್ಲಂತೆ, ಬೇರೆ ಕಂಪನಿ ವಿಮಾನದ ಕಾಕ್‌ಪಿಟ್‌ನಲ್ಲೇ ಕೂತು ದುಡ್ಡಿಲ್ದೆ ಹೋಗ್ತಾರಂತೆ, ಹೌದಾ?

ಉತ್ತರ: ಹೌದು, ಕಾಕ್‌ಪಿಟ್‌ನಲ್ಲಿರೋ ಆ ಹೆಚ್ಚುವರಿ ಸೀಟಿಗೇ ಜಂಪ್‌ಸೀಟ್ ಅನ್ನೋದು, ಆದ್ರೆ ಸುಮ್ನೆ ಹೋಗಿ ಕೂರೋಕಾಗಲ್ಲ. ಗೇಟ್‌ನಲ್ಲಿ ಐಡಿ ಕೊಟ್ಟು, ಕ್ಯಾಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೇಲಿ ಇವ್ರು ನಿಜವಾಗ್ಲೂ ತಾವು ಹೇಳ್ಕೊಂಡ ಕಂಪನಿ ಪೈಲಟ್ಟಾ ಅಂತ ಚೆಕ್ ಆಗ್ಬೇಕು, ಅದಾದ್ಮೇಲೂ ಕೊನೇ ಮಾತು ಕ್ಯಾಪ್ಟನ್ನದೇ. ಅದಕ್ಕೇ ಕಾಕ್‌ಪಿಟ್ ಬಾಗಿಲ ಹತ್ರ ನಿಂತು, ಅವ್ರು ಚೆಕ್‌ಲಿಸ್ಟ್ ಓದ್ತಿದ್ರೆ ಮುಗಿಯೋವರೆಗೂ ಕಾದು, ಹೆಸರು ಹೇಳಿ "ನಿಮ್ ಜೊತೆ ಬರ್ಬಹುದಾ ಕ್ಯಾಪ್ಟನ್" ಅಂತ ಕೇಳೋದು ಪದ್ಧತಿ. ಹಿಂದೆ ಪ್ಯಾಸೆಂಜರ್ ಸೀಟ್ ಸಿಕ್ತು ಅಂತ ಕೇಳ್ದೇನೇ ಸೀದಾ ಹೋಗಿ ಹೆಡ್‌ಫೋನ್ ಹಾಕ್ಕೊಂಡ್ರೆ ಕ್ಯಾಪ್ಟನ್‌ಗೆ ಮೈ ಉರಿಯುತ್ತೆ, ಉರಿಯೋದು ನ್ಯಾಯವೇ ಬಿಡಿ. ಕಾಕ್‌ಪಿಟ್‌ನಲ್ಲಿ ಕೂತ್ರೆ, ವಿಮಾನ 10,000 ಅಡಿ ಎತ್ತರಕ್ಕಿಂತ ಕೆಳಗಿರೋವಾಗ ಹರಟೆ ಬಂದ್, ಆದ್ರೆ ಪಕ್ಕದಲ್ಲಿ ಇನ್ನೊಂದು ವಿಮಾನ ಕಂಡ್ರೆ ಮಾತ್ರ ತಕ್ಷಣ ಹೇಳ್ಬೇಕು.

2023ರ ಅಕ್ಟೋಬರ್‌ನಲ್ಲಿ ಜಂಪ್‌ಸೀಟಲ್ಲಿ ಕೂತಿದ್ದ ಪೈಲಟ್ ಒಬ್ರು ಹಾರ್ತಿರೋ ವಿಮಾನದ ಇಂಜಿನ್ ಆಫ್ ಆಗೋ ಫೈರ್ ಹ್ಯಾಂಡಲ್‌ಗಳನ್ನೇ ಎಳೆಯೋಕೆ ಹೋಗಿದ್ರು, ಹಾಗಾಗಿ ಕ್ಯಾಪ್ಟನ್ ಎರಡು ಸಲ ಮುಖ ನೋಡಿದ್ರೆ ಬೇಜಾರು ಮಾಡ್ಕೋಬಾರ್ದು.