ಸೈನಿಕರನ್ನು ಬಿಡಿ, ಕೋಶವನ್ನು ತೋರಿಸಿ

ಪ್ರಿಯರೇ,

ನಮಸ್ಕಾರ. ಮನುಷ್ಯರ ರೋಗನಿರೋಧಕ ಕೋಶಗಳನ್ನು ದೇಹದ ಹೊರಗೆ, ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಬಗ್ಗೆ ನೀವು ಬರೆದ ‘ಗಾಜಿನೊಳಗಿನ ಮನುಷ್ಯ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ನೀವು ಇದನ್ನು ಕೈಬಿಡಬಾರದು ಎಂಬ ಆಸೆಯಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳ ತುಂಬ ದೇಹವೇ ಕೋಟೆ, ಬಿಳಿ ರಕ್ತಕಣಗಳೇ ಸೈನಿಕರು, ರೋಗಾಣುಗಳೇ ಶತ್ರುಗಳು. ಈ ಹೋಲಿಕೆ ಸವೆದು ಹೋಗಿದೆ. ಮೇಲಾಗಿ ನಿಮ್ಮ ವಿಷಯಕ್ಕೇ ಅಡ್ಡ ಬರುತ್ತದೆ. ನೀವು ಒಂದೇ ಸಾಲಿನಲ್ಲಿ ದಾಟಿಸಿರುವ 2006ರ ಲಂಡನ್ ಔಷಧ ಪ್ರಯೋಗದ ಪ್ರಕರಣವನ್ನೇ ನೋಡಿ. ಟಿಜಿಎನ್1412 ಎಂಬ ಔಷಧ ಪಡೆದ ಆರು ಮಂದಿ ಆರೋಗ್ಯವಂತರು ಒಂದು ದಿನ ಕಳೆಯುವುದರೊಳಗೆ ತೀವ್ರ ನಿಗಾ ಘಟಕ ಸೇರಿದರು. ಕೊಟ್ಟದ್ದು ಕೋತಿಗಳು ತಾಳಿಕೊಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು. ಆ ಔಷಧ ಹಿಡಿಯುವ ಸಿಡಿ28 ಪ್ರೋಟೀನು ಮನುಷ್ಯರ ಒಂದು ಬಗೆಯ ಟಿ ಕೋಶಗಳ (ಇವೂ ಬಿಳಿ ರಕ್ತಕಣಗಳೇ) ಮೇಲಿದೆ, ಆ ಕೋತಿಗಳ ಅದೇ ಬಗೆಯ ಕೋಶಗಳ ಮೇಲಿಲ್ಲ. ಅಲ್ಲಿ ಯಾವ ಶತ್ರುವೂ ಇರಲಿಲ್ಲ. ಕೆರಳಿದ್ದು ಅವರದೇ ಕೋಶಗಳು. ಮನುಷ್ಯರ ಅಂಗಾಂಶವೇ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ಲೇಖನ ಇಲ್ಲಿಂದಲೇ ಶುರುವಾಗಲಿ.

ಮೂರನೆಯ ಪುಟದಲ್ಲಿ ಮಾತ್ರ ನಿಮ್ಮ ಕಣ್ಣು ತೆರೆದಿದೆ. ಹಾರ್ವರ್ಡ್‌ನಲ್ಲಿ 2010ರಲ್ಲಿ ರೂಪಿಸಿದ ಶ್ವಾಸಕೋಶದ ಚಿಪ್, ಅಂದರೆ ಅಂಗದ ಕೆಲಸವನ್ನು ಅನುಕರಿಸುವ ಪುಟ್ಟ ಸಾಧನ: ರಂಧ್ರಗಳುಳ್ಳ ತೆಳು ಪೊರೆ, ಮೇಲೆ ಗಾಳಿಚೀಲದ ಕೋಶಗಳು, ಕೆಳಗೆ ರಕ್ತನಾಳದ ಒಳಪದರದ ಕೋಶಗಳು, ಉಸಿರಿನ ಲಯದಲ್ಲಿ ಹಿಗ್ಗುತ್ತ ಕುಗ್ಗುತ್ತ. ಮೇಲೆ ಬ್ಯಾಕ್ಟೀರಿಯಾ ಹಾಕಿದರೆ, ಕೆಳಗೆ ಹರಿಯುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಗೋಡೆಗೆ ಅಂಟಿಕೊಳ್ಳುತ್ತದೆ, ರಂಧ್ರದಲ್ಲಿ ನುಸುಳುತ್ತದೆ, ಮೇಲೆ ಬಂದು ನುಂಗುತ್ತದೆ. ಎಷ್ಟು ಚೆನ್ನಾಗಿದೆ! ಆಮೇಲೆ ‘ವೀರಾವೇಶದಿಂದ’ ಎಂದು ಸೇರಿಸಿದ್ದೀರಿ. ಅದನ್ನು ಹೊಡೆದುಹಾಕಿ. ಕೋಶ ನುಸುಳುವುದೇ ಸಾಕಷ್ಟು ಬೆರಗಿನ ಸಂಗತಿ.

‘ಇನ್ನು ಪ್ರಾಣಿಗಳ ಮೇಲೆ ಪ್ರಯೋಗ ಬೇಕಿಲ್ಲ’ ಎಂಬ ಕೊನೆಯ ವಾಕ್ಯ ತಪ್ಪು. ಆ ಚಿಪ್‌ನಲ್ಲಿ ರೋಗನಿರೋಧಕ ಕೋಶಗಳು ಕಲೆಯುವ ದುಗ್ಧಗ್ರಂಥಿಯಿಲ್ಲ, ಅವು ಹುಟ್ಟುವ ಅಸ್ಥಿಮಜ್ಜೆಯಿಲ್ಲ. ಅದರ ಬದಲು ಸ್ಟ್ಯಾನ್‌ಫರ್ಡ್‌ನ 2021ರ ಕೆಲಸವನ್ನು ಸೇರಿಸಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ದುಗ್ಧಗ್ರಂಥಿಯಂಥದೇ ಅಂಗಾಂಶವಾದ ಟಾನ್ಸಿಲ್‌ನ ಕೋಶಗಳು ತಟ್ಟೆಯಲ್ಲಿ ಮತ್ತೆ ಒಟ್ಟುಗೂಡಿ, ಫ್ಲೂ ಲಸಿಕೆಗೆ ಪ್ರತಿಕಾಯ (ರೋಗಾಣುವಿಗೆ ಅಂಟುವ ಪ್ರೋಟೀನು) ತಯಾರಿಸಿದವು. ಟಾನ್ಸಿಲ್ ನೋವು ಓದುಗರಿಗೆಲ್ಲ ಗೊತ್ತು. ಹಿಡಿತ ತಾನಾಗಿ ಸಿಗುತ್ತದೆ.

ತಿದ್ದಿ ಕಳುಹಿಸಿ. ನಾನೇ ಓದುತ್ತೇನೆ.

ಸಂಪಾದಕ