15 ಇಂಚಿನ ಬದಲು 16 ಇಂಚಿನ ಚಕ್ರ ಹಾಕಿಸಬಹುದೇ?

ಹಾಕಿಸಬಹುದು, ಆದರೆ ಟೈರಿನ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿಯಬೇಕು.

ಈಗಿನ ಟೈರಿನ ಮೇಲೆ 185/65 ಆರ್15 88 ಎಚ್ ಎಂದಿದೆ ಎನ್ನಿ. 185 ಎಂದರೆ ಮಿಲಿಮೀಟರಿನಲ್ಲಿ ಅಗಲ. 65 ಮಾತ್ರ ಮಿಲಿಮೀಟರ್ ಅಲ್ಲ, ಬಹಳ ಜನ ಎಡವುವುದು ಇಲ್ಲೇ. ಟೈರಿನ ಪಕ್ಕದ ಎತ್ತರ ಅಗಲದ ಶೇ. 65 ಎಂದರ್ಥ, ಅಂದರೆ ಸುಮಾರು 120 ಮಿ.ಮೀ. ಮೇಲೆ ಕೆಳಗೆ ಎರಡೂ ಸೇರಿಸಿ, ರಿಮ್ಮಿನ 15 ಇಂಚು, ಎಂದರೆ 381 ಮಿ.ಮೀ. ಕೂಡಿಸಿದರೆ ವ್ಯಾಸ 621.5 ಮಿ.ಮೀ. 16 ಇಂಚಿನ ರಿಮ್ಮಿಗೆ 195/55 ಹಾಕಿದರೆ 620.9 ಬರುತ್ತದೆ, ತೊಂದರೆಯಿಲ್ಲ. 195/65 ಹಾಕಿದರೆ ಸುಮಾರು 660! ಆಗ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜಲೂಬಹುದು. ವ್ಯತ್ಯಾಸ ಶೇ. 3 ದಾಟದಿರಲಿ.

88 ಎಂದರೆ ಒಂದು ಟೈರು 560 ಕೆ.ಜಿ. ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಹೊಸ ಟೈರಿನಲ್ಲಿ ಇವು ಇದಕ್ಕಿಂತ ಕಡಿಮೆ ಇರಕೂಡದು. 195/55 ಆರ್16 ಟೈರುಗಳಲ್ಲಿ 87 ಇರುವುದೂ ಉಂಟು, ಕೊಳ್ಳುವ ಮುನ್ನ ಓದಿ ನೋಡಿ.

ರಿಮ್ಮಿನಲ್ಲಿ ಬೋಲ್ಟುಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ, ನಡುವಿನ ರಂಧ್ರ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದನ್ನು ಬೋಲ್ಟು ಹಾಕಿ ಬಿಗಿಯುವ ಮುಖಕ್ಕಿರುವ ದೂರ) ಎಲ್ಲವೂ ಹೊಂದಬೇಕು. ಆಫ್‌ಸೆಟ್ ತಪ್ಪಿದರೆ ಚಕ್ರ ಒಳಕ್ಕೋ ಹೊರಕ್ಕೋ ಸರಿದು ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ.

ನೀವು ಹೆಚ್ಚಾಗಿ ಗುಂಡಿಬಿದ್ದ ರಸ್ತೆಯಲ್ಲಿ ಓಡಿಸುವವರಾದರೆ 15 ಇಂಚನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ. ಪಕ್ಕದ ರಬ್ಬರ್ ಕಡಿಮೆಯಾದಷ್ಟೂ ಏಟು ನೇರ ರಿಮ್ಮಿಗೆ ಬೀಳುತ್ತದೆ.